ಪಿಕಪ್‌ಗೆ ಪಿಕಪ್ಪೇ ಇಲ್ಲ

ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ 14 ಹೇರ್‌ಪಿನ್ ತಿರುವು. ನಮ್ಮ ಗಾಡಿಗೆ ಅವೆಲ್ಲ ಬಾಯಿಪಾಠ. ತಿರುವಿನಲ್ಲಿ ಫಸ್ಟ್, ಮುಗಿದ ಕೂಡಲೇ ಸೆಕೆಂಡ್, ಸ್ವಲ್ಪ ನೇರ ಸಿಕ್ಕಿದರೆ ಕೈ ಥರ್ಡ್‌ಗೂ ಹೋಗುತ್ತಿತ್ತು. ಈ ಸಲ ನವೆಂಬರ್ ಕೊನೆಯಲ್ಲಿ ಹೆಬ್ರಿ ಕಡೆಯಿಂದ ತೆಂಗಿನಕಾಯಿ ತುಂಬಿಸಿಕೊಂಡು ಬರುವಾಗ ನಾಲ್ಕನೇ ತಿರುವು ದಾಟಿ ಸೆಕೆಂಡ್ ಹಾಕಿದೆ. ಗಾಡಿ ಉಸಿರು ಕಟ್ಟಿದ ಹಾಗೆ ನಿಂತೇ ಹೋಗುವುದರಲ್ಲಿತ್ತು. ಮತ್ತೆ ಫಸ್ಟ್. ಕೊನೆಯ ತಿರುವಿನವರೆಗೂ ಫಸ್ಟೇ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಕಪ್ಪು ಹೊಗೆ, ಆ ಹೊಗೆಯೊಳಗೆ ಒಂದು ಮಿನಿ ಬಸ್ಸು, ಅದರ ಹಾರ್ನು.

ಮನೆಗೆ ಬಂದು ಕಾಯಿ ಇಳಿಸಿ, ನಿಂತಲ್ಲೇ ರೇಸ್ ಮಾಡಿ ನೋಡಿದೆ. ಏನೂ ತೊಂದರೆ ಇಲ್ಲ, ಎಂಜಿನ್ ಚೆನ್ನಾಗಿಯೇ ಕೂಗುತ್ತದೆ. ಐಡ್ಲಿಂಗ್ ಕೂಡ ಸಮ. ಖಾಲಿ ಗಾಡಿಯಲ್ಲಿ ತೀರ್ಥಹಳ್ಳಿ ಪೇಟೆಗೆ ಹೋಗಿ ಬಂದರೆ ದೋಷ ಇದೆ ಅಂತಲೇ ಗೊತ್ತಾಗುವುದಿಲ್ಲ. ಇದು ಟರ್ಬೋ ಗಾಡಿಗಳ ಮೋಸ. ಟರ್ಬೋ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಚಕ್ರ. ಅದು ತಿರುಗುವುದು ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆಯ ರಭಸಕ್ಕೆ. ಭಾರ ಇಲ್ಲದೆ ರೇಸ್ ಮಾಡಿದರೆ ಎಂಜಿನ್ ಕುಡಿಯುವ ಡೀಸೆಲ್ ಕಡಿಮೆ, ಹೊಗೆಯ ರಭಸವೂ ಕಡಿಮೆ, ಟರ್ಬೋಗೆ ಕೆಲಸವೇ ಇಲ್ಲ. ಅದು ಇದ್ದರೂ ಒಂದೇ, ಸತ್ತಿದ್ದರೂ ಒಂದೇ. ಆದ್ದರಿಂದ ಅಂಗಳದಲ್ಲಿ ನಿಲ್ಲಿಸಿಕೊಂಡು ರೇಸ್ ಕೊಟ್ಟು ಕಿವಿಗೊಡುವುದು ಸುಮ್ನೆ ಡೀಸೆಲ್ ದಂಡ.

ನಾನು ವೃತ್ತಿಯಲ್ಲಿ ಮೆಕ್ಯಾನಿಕ್ ಅಲ್ಲ. ಅಡಿಕೆ ತೋಟ, ಸ್ವಲ್ಪ ಬಾಳೆ. ಪಂಪು, ಕಳೆ ಹೊಡೆಯುವ ಮೆಷಿನ್ನು, ಈ ಪಿಕಪ್ಪು, ಇವುಗಳನ್ನು ಬಿಚ್ಚಿ ಜೋಡಿಸುವ ಚಟ ಇದೆ ಅಷ್ಟೆ. ಗಾಡಿ ಬಿಎಸ್4, ಡೀಸೆಲ್, ಟರ್ಬೋದ ಗಾಳಿ ತಣಿಸುವ ಇಂಟರ್‌ಕೂಲರ್ ಇರುವ ಟರ್ಬೋ. ಅದರ ಕಂಪನಿ ಯಾವುದು ಅಂತ ಇಲ್ಲಿ ಬೇಡ. ಈ ಕತೆ ಯಾವ ಕಂಪನಿಯ ಗಾಡಿಯಲ್ಲೂ ನಡೆಯಬಹುದು.

ಊರಿನಲ್ಲಿ ಸಲಹೆಗೆ ಬರ ಇಲ್ಲ. ಪಕ್ಕದ ಮನೆಯವರು ಕ್ಲಚ್ ಪ್ಲೇಟ್ ಅಂದರು. ಕ್ಲಚ್ ಜಾರಿದರೆ ಎಂಜಿನ್ ಕೂಗು ಏರುತ್ತದೆ, ಗಾಡಿ ಏರುವುದಿಲ್ಲ. ನನ್ನದರಲ್ಲಿ ಎರಡೂ ಏರುತ್ತಿರಲಿಲ್ಲ, ಹಾಗಾಗಿ ಅದನ್ನು ಬಿಟ್ಟೆ. ಭಾವ ಡೀಸೆಲ್ ಕಲಬೆರಕೆ ಅಂದ. ಅವನ ಮಾತು ಕೇಳಿ ಫ್ಯೂಯಲ್ ಫಿಲ್ಟರ್ ಬದಲಿಸಿದೆ. ಕೆಳಗಿನ ಸ್ಕ್ರೂ ಬಿಚ್ಚಿ ನೀರೂ ತೆಗೆದೆ, ಒಂದು ಚಮಚ ಬಂದಿರಬಹುದು. ಏನೂ ಬದಲಾಗಲಿಲ್ಲ. ಆಮೇಲೆ ಯೋಚಿಸಿದರೆ ನಗು ಬರುತ್ತದೆ. ಡೀಸೆಲ್ ಸಾಲದ ಗಾಡಿ ಎಳೆಯುವುದಿಲ್ಲ ನಿಜ, ಆದರೆ ಕಪ್ಪು ಹೊಗೆಯನ್ನೂ ಬಿಡುವುದಿಲ್ಲ. ಕಪ್ಪು ಹೊಗೆ ಅಂದರೆ ಡೀಸೆಲ್ ಬೇಕಾದಷ್ಟು ಬಂದಿದೆ, ಅದನ್ನು ಉರಿಸಲು ಗಾಳಿ ಸಾಲದು ಅಂತ ಅರ್ಥ. ಒಲೆಗೆ ಕಟ್ಟಿಗೆ ತುರುಕಿ ಊದುಗೊಳವೆ ಮರೆತರೆ ಆಗುವುದೂ ಇದೇ ಅಲ್ವಾ. ಒಂದು ಎಚ್ಚರಿಕೆ: 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಇರುತ್ತದೆ. ಅಲ್ಲಿ ಹೊಗೆ ಕಾಣಲಿಲ್ಲ ಅಂತ ಗಾಳಿ ಸರಿಯಾಗಿದೆ ಎಂದುಕೊಳ್ಳಬೇಡಿ.

ಪೇಟೆಯ ಒಂದು ಗ್ಯಾರೇಜಿಗೂ ಒಯ್ದೆ. ಬಾನೆಟ್ ಎತ್ತಿ, ಎರಡು ನಿಮಿಷ ರೇಸ್ ಕೊಟ್ಟು ಕೇಳಿ, "ಟರ್ಬೋ ಹೋಗಿದೆ, ಹೊಸದೇ ಹಾಕಬೇಕು" ಅಂದರು. ಕೂಲಿ ಸೇರಿ ಹೇಳಿದ ಲೆಕ್ಕ ಕೇಳಿ, "ಕೊಯ್ಲು ಮುಗೀಲಿ ಮಾರಾಯ್ರೆ" ಅಂತ ವಾಪಸ್ ಬಂದೆ. ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದು ಎಷ್ಟು ಸರಿ, ಎಷ್ಟು ತಪ್ಪು ಅನ್ನುವುದು ಕೊನೆಗೆ ಬರುತ್ತದೆ.

ಮೊದಲು ಏರ್ ಫಿಲ್ಟರ್ ತೆಗೆದೆ. ಕೆಂಪು ಧೂಳು, ಅಡಿಕೆ ಸಿಪ್ಪೆಯ ನಾರು, ಮಳೆಗಾಲದ ತೇವಕ್ಕೆ ಕಾಗದ ಹಪ್ಪಳದ ಹಾಗೆ ಆಗಿತ್ತು. ಹೊಸದು ಹಾಕಿದೆ. ಸ್ವಲ್ಪ ಹಗುರಾಯಿತು ಅಂತ ಮನಸ್ಸಿಗೆ ಅನ್ನಿಸಿತು. ಮನಸ್ಸಿಗೆ ಅನ್ನಿಸುವುದನ್ನು ನಂಬಬಾರದು ಅಂತಲೇ ಆ ದಿನ ಅಳತೆಗೆ ಇಳಿದಿದ್ದು.

ಅಳತೆಗೆ ಬೇಕಾದದ್ದು ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರು ಮತ್ತು ಫೋನಿನಲ್ಲಿ ಒಂದು ಆ್ಯಪ್. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದರೆ ಎಂಜಿನ್ ಕಂಪ್ಯೂಟರಿಗೆ ಕಾಣುವ ಲೆಕ್ಕಗಳು ನಮಗೂ ಕಾಣುತ್ತವೆ. ನಮಗೆ ಬೇಕಾದದ್ದು ಮ್ಯಾಪ್ ಸೆನ್ಸರಿನ ಲೆಕ್ಕ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ. ಮನೆಯಿಂದ ಟಾರು ರಸ್ತೆಗೆ ಹತ್ತುವ ಏರು ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ಮಗಳನ್ನು ಪಕ್ಕದಲ್ಲಿ ಕೂರಿಸಿ ಫೋನು ಅವಳ ಕೈಗೆ ಕೊಟ್ಟೆ. ಹಿಂದೆ ಹತ್ತು ಚೀಲ ಗೊಬ್ಬರ. ಥರ್ಡ್ ಗೇರ್, ಎಕ್ಸಲರೇಟರ್ ಪೂರ್ತಿ, 2,200 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆದಾಗ "ಈಗ" ಅಂದೆ. ಅವಳು ಓದಿದ್ದು 131 ಕಿಲೋಪಾಸ್ಕಲ್.

ಇಲ್ಲಿ ನಾನು ಎರಡು ದಿನ ಕಳೆದುಕೊಂಡೆ. 100 ಕಿಲೋಪಾಸ್ಕಲ್ ಅಂದರೆ 1 ಬಾರ್. 131 ಅಂದರೆ 1.3 ಬಾರ್ ಬೂಸ್ಟ್ (ಟರ್ಬೋ ಕೊಡುವ ಹೆಚ್ಚಿನ ಒತ್ತಡ), ಭರ್ತಿ ಆಯಿತಲ್ಲ, ಟರ್ಬೋ ಗಟ್ಟಿಯಾಗಿದೆ ಎಂದುಕೊಂಡು ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಅನುಮಾನ ಶುರು ಮಾಡಿದೆ. ಮೂರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡದೆ ಬರೀ ಕೀ ತಿರುಗಿಸಿದಾಗ ಆ್ಯಪ್ ನೋಡಿದರೆ 94 ಅಂತ ತೋರಿಸುತ್ತಿದೆ. ಎಂಜಿನ್ ನಿಂತಿದೆ, ಟರ್ಬೋ ನಿಂತಿದೆ, ಆದರೂ 94! ಆಗ ಹೊಳೆಯಿತು. ಈ ಸೆನ್ಸರು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿಯೇ ಹೇಳುತ್ತದೆ. ಅದನ್ನು ಕಳೆಯಬೇಕು. 131ರಲ್ಲಿ 94 ಕಳೆದರೆ ಉಳಿಯುವುದು 37. ಟರ್ಬೋ ಕೊಡುತ್ತಿರುವುದು ಬರೀ 0.37 ಬಾರ್.

ಸರಿಯಾಗಿ ಎಷ್ಟಿರಬೇಕು? ಪುಸ್ತಕ ಹುಡುಕುವ ಬದಲು ಭಾವನ ಗಾಡಿ ತರಿಸಿದೆ. ಅದೇ ಮಾಡೆಲ್, ನನ್ನದಕ್ಕಿಂತ ಒಂದು ವರ್ಷ ಹೊಸದು. ಅದೇ ಏರು, ಅದೇ ಹತ್ತು ಚೀಲ, ಅದೇ ಗೇರು, ಅದೇ ಆರ್‌ಪಿಎಂ. 208. ಅಂದರೆ 114 ಕಿಲೋಪಾಸ್ಕಲ್ ಬೂಸ್ಟ್. ನನ್ನದು ಅದರ ಮೂರನೇ ಒಂದು ಭಾಗ. ಭಾವ ಸ್ಟಿಯರಿಂಗ್ ತಟ್ಟಿ, "ನೋಡಿಕೊಂಡ್ರೆ ಗಾಡಿ ಹೀಗಿರುತ್ತೆ ಮಾರಾಯಾ" ಅಂದ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಸೆನ್ಸರೇ ಸುಳ್ಳು ಹೇಳುತ್ತಿದ್ದರೆ? ಬಿಚ್ಚಿ ನೋಡಿದರೆ ಮೂಗಿನ ತುಂಬ ಎಣ್ಣೆ ಬೆರೆತ ಮಸಿ. ಕಡ್ಡಿ ಹಾಕಿ ಕೆದಕಬಾರದು, ಒಳಗಿನ ಪೊರೆ ತೆಳ್ಳಗಿರುತ್ತದೆ. ಎಲೆಕ್ಟ್ರಾನಿಕ್ ಭಾಗಗಳಿಗೆ ಹೊಡೆಯುವ ಕ್ಲೀನರ್ ಸ್ಪ್ರೇ ಹೊಡೆದು, ಒಣಗಲು ಬಿಟ್ಟು ಹಾಕಿದೆ. ಮತ್ತೆ 131. ಆ ವಾರ ಖಾಲಿ ಗಾಡಿಯಲ್ಲಿ ಘಾಟಿ ಇಳಿಯುವ ಕೆಲಸ ಇತ್ತು. ಸೋಮೇಶ್ವರದಲ್ಲಿ ಎಂಜಿನ್ ನಿಲ್ಲಿಸಿ ಕೀ ಮಾತ್ರ ಆನ್ ಮಾಡಿದೆ: 100. ಆಗುಂಬೆಗೆ ಹತ್ತಿ ಬಂದು ಹಾಗೆಯೇ ನೋಡಿದೆ: 94. ಐನೂರು ಮೀಟರಿಗಿಂತ ಜಾಸ್ತಿ ಎತ್ತರ ಏರಿದಾಗ ಗಾಳಿ ಇಷ್ಟು ತೆಳುವಾಗಲೇಬೇಕು. ಸೆನ್ಸರು ಅದನ್ನು ಸರಿಯಾಗಿ ಹಿಡಿದಿದೆ ಅಂದರೆ ಅದರ ಮೇಲೆ ಇನ್ನು ಅನುಮಾನ ಪಡುವುದು ತಪ್ಪು. ಸೆನ್ಸರ್ ಪರೀಕ್ಷಿಸಲು ಘಾಟಿಗಿಂತ ಒಳ್ಳೆಯ ಉಪಕರಣ ಕರಾವಳಿಯವರ ಹತ್ತಿರವೂ ಇಲ್ಲ, ಬಯಲುಸೀಮೆಯವರ ಹತ್ತಿರವೂ ಇಲ್ಲ. ಇಷ್ಟು ಜಂಬ ಮಲೆನಾಡಿನವರಿಗೆ ಇರಲಿ.

ಈಗ ಪ್ರಶ್ನೆ ಒಂದೇ. ಟರ್ಬೋ ಗಾಳಿ ತುಂಬುತ್ತಿಲ್ಲವೋ, ತುಂಬಿದ್ದು ದಾರಿಯಲ್ಲಿ ಸೋರುತ್ತಿದೆಯೋ? ಸೋರಿಕೆ ಹುಡುಕುವುದು ಸುಲಭ, ಖರ್ಚೂ ಇಲ್ಲ. ಹಾಗಾಗಿ ಅದು ಮೊದಲು.

ತೋಟದ ಪೈಪ್‌ಲೈನಿನ ಉಳಿಕೆಯಲ್ಲಿ 63 ಮಿ.ಮೀ. ಪಿವಿಸಿ ಪೈಪಿನ ತುಂಡೊಂದು ಇತ್ತು. ಗೇಣುದ್ದ ಕತ್ತರಿಸಿ ಒಂದು ಕಡೆ ಎಂಡ್ ಕ್ಯಾಪ್ ಅಂಟಿಸಿದೆ. ಕ್ಯಾಪಿನ ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿಗೆ ಹಾಕುವ ವಾಲ್ವ್ ಎಳೆದು ಕೂರಿಸಿದೆ. ಮುಗಿಯಿತು. ಏರ್ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಹೋಸನ್ನು ಫಿಲ್ಟರ್ ಕಡೆ ಬಿಚ್ಚಿ, ಈ ತುಂಡನ್ನು ತುರುಕಿ ಕ್ಲಾಂಪ್ ಬಿಗಿದರೆ, ವಾಲ್ವಿನಿಂದ ಹೊಡೆದ ಗಾಳಿ ಟರ್ಬೋ, ಇಂಟರ್‌ಕೂಲರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಎಲ್ಲ ಕಡೆ ತುಂಬುತ್ತದೆ. ಎಲ್ಲಿ ಸೋರುತ್ತದೋ ಅಲ್ಲಿ ಸೋಪಿನ ನೀರು ಗುಳ್ಳೆ ಏಳುತ್ತದೆ. ಪಂಕ್ಚರ್ ಹಾಕುವವರ ಕೆಲಸವೇ, ಟ್ಯೂಬಿನ ಬದಲು ಎಂಜಿನ್ನು ಅಷ್ಟೆ.

ಕಾಲಿನ ಪಂಪಿನಲ್ಲಿ ಹೊಡೆದೆ. ಇನ್ನೂರು ಸಲ ತುಳಿದರೂ ಅದರ ಮೀಟರಿನ ಮುಳ್ಳು ಏಳಲಿಲ್ಲ. ಬೆವರು ಇಳಿಯಿತು. ಕೊನೆಗೆ ಪಂಕ್ಚರ್ ಅಂಗಡಿಗೇ ಗಾಡಿ ಒಯ್ದೆ. ಅಂಗಡಿಯ ತಮ್ಮನಿಗೆ "ಹತ್ತು ಪೌಂಡು, ಅದಕ್ಕಿಂತ ಮೇಲೆ ಬೇಡ" ಅಂದರೆ, ಟೈರಿಗೆ ನಲವತ್ತು ಹೊಡೆದು ಅಭ್ಯಾಸ ಇರುವ ಅವನಿಗೆ ನಗು. ಜಾಸ್ತಿ ಹೊಡೆದರೆ ಕ್ಯಾಪ್ ಗುಂಡಿನ ಹಾಗೆ ಹಾರುತ್ತದೆ, ಅದರ ಎದುರಿಗೆ ಮುಖ ಇಡಬಾರದು. ಇನ್ನೊಂದು ವಿಷಯ ಅನುಭವದಿಂದ ಹೇಳುತ್ತೇನೆ. ಎಂಜಿನ್ನಿನ ಉಸಿರುಗೊಳವೆ, ಬ್ರೀದರ್ ಪೈಪು, ಇದೇ ರಬ್ಬರ್ ಹೋಸಿಗೆ ಬಂದು ಸೇರುತ್ತದೆ. ಅದನ್ನು ಬಿಚ್ಚಿ ಎರಡೂ ಬಾಯಿ ಮುಚ್ಚದೆ ಗಾಳಿ ಹೊಡೆದರೆ ಗಾಳಿ ಎಲ್ಲ ಆಯಿಲ್ ಚೇಂಬರಿಗೆ ಹೋಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಟಪ್ ಅಂತ ಎದ್ದು ಬಂದಾಗಲೇ ಇದು ಗೊತ್ತಾಗಿದ್ದು. ಹಾಗೆಯೇ ಸೈಲೆನ್ಸರಿನಿಂದ ಸುಯ್ ಅಂತ ಗಾಳಿ ಬಂದರೆ ಗಾಬರಿ ಬೇಡ, ಎಂಜಿನ್ ನಿಂತ ಜಾಗದಲ್ಲಿ ಯಾವುದೋ ಸಿಲಿಂಡರಿನ ವಾಲ್ವುಗಳು ತೆರೆದಿರುತ್ತವೆ. ಗಾಡಿಯನ್ನು ಗೇರಿನಲ್ಲಿಟ್ಟು ಸ್ವಲ್ಪ ಮುಂದೆ ತಳ್ಳಿದರೆ ಸರಿಹೋಗುತ್ತದೆ.

ಮೇಲಿನಿಂದ ಸೋಪಿನ ನೀರು ಹೊಡೆದಲ್ಲೆಲ್ಲ ಏನೂ ಇಲ್ಲ. ಕಿವಿಗೆ ಮಾತ್ರ ಸುಯ್ಯೆನ್ನುವ ಶಬ್ದ. ಮಲಗಿಕೊಂಡು ಕೆಳಗೆ ನುಗ್ಗಿ, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಕೆಳಹೊಟ್ಟೆಗೆ ನೀರು ಚಿಮುಕಿಸಿದೆ. ಹಾಲು ಉಕ್ಕಿದ ಹಾಗೆ ನೊರೆ. ಒಂದು ಬ್ರ್ಯಾಕೆಟ್ಟಿಗೆ ತಿಕ್ಕಿ ತಿಕ್ಕಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಸೀಳು. ಗಾಳಿ ಬಿಟ್ಟ ಕೂಡಲೇ ಸೀಳು ತುಟಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುವ ಕಳ್ಳ. ಸುತ್ತ ಎಣ್ಣೆ ಪಸೆ, ಅದರ ಮೇಲೆ ಕೆಂಪು ಧೂಳು ಗಟ್ಟಿಯಾಗಿ ಮೆತ್ತಿತ್ತು. ಆ ಮೆತ್ತಿದ ಧೂಳನ್ನು ನಾನು ತಿಂಗಳ ಹಿಂದೆಯೇ ಆಯಿಲ್ ಬದಲಿಸುವಾಗ ನೋಡಿದ್ದೆ. ಎಲ್ಲಿಂದಲೋ ಆಯಿಲ್ ಜಿನುಗಿದೆ ಎಂದು ಒರೆಸಿ ಸುಮ್ಮನಾಗಿದ್ದೆ. ಟರ್ಬೋದ ಗಾಳಿಯಲ್ಲಿ ಬ್ರೀದರಿನಿಂದ ಬಂದ ಎಣ್ಣೆಯ ಆವಿ ಸ್ವಲ್ಪ ಇದ್ದೇ ಇರುತ್ತದೆ. ಹಾಗಾಗಿ ಆ ಹೋಸುಗಳ ಹೊರಗೆ ಎಣ್ಣೆ ಪಸೆ ಕಂಡರೆ ಅಲ್ಲಿಂದ ಗಾಳಿಯೂ ಹೋಗುತ್ತಿದೆ ಅಂತ ಲೆಕ್ಕ.

ಹೋಸು ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಹೋಗಿ ತಂದೆ. ಅರವತ್ತು ಕಿಲೋಮೀಟರ್ ಹೋಗಿ ಅರವತ್ತು ಬಂದೆ, ಮಂಡಗದ್ದೆಯಲ್ಲಿ ಒಂದು ಟೀ. ಕ್ಲಾಂಪ್ ಬಗ್ಗೆ ಒಂದು ಮಾತು. ಸ್ಪ್ರಿಂಕ್ಲರ್ ಪೈಪಿಗೆ ಹಾಕುವ ತೆಳು ಪಟ್ಟಿಯ ಕ್ಲಾಂಪ್ ಮನೆಯಲ್ಲಿ ಡಬ್ಬಿಗಟ್ಟಲೆ ಇದ್ದವು. ಅವನ್ನು ಹಾಕಬೇಡಿ. ಆ ಪಟ್ಟಿಯ ಸೀಳುಗಳು ರಬ್ಬರನ್ನು ಕತ್ತರಿಸುತ್ತವೆ, ಬಿಸಿಗೆ ಸಡಿಲವೂ ಆಗುತ್ತವೆ. ಅಗಲ ಪಟ್ಟಿಯ, ಬೋಲ್ಟ್ ಬಿಗಿಯುವ ಕ್ಲಾಂಪನ್ನೇ ತಂದೆ. ತಿಕ್ಕುತ್ತಿದ್ದ ಬ್ರ್ಯಾಕೆಟ್ಟನ್ನು ಸ್ವಲ್ಪ ಬಗ್ಗಿಸಿದೆ.

ಏರಿಗೆ ಹೋದೆವು. ಮಗಳು ಓದಿದ್ದು 162. 37 ಇದ್ದದ್ದು 68 ಆಯಿತು. ಗಾಡಿ ಗೊತ್ತಾಗುವಷ್ಟು ಹಗುರಾಗಿತ್ತು, ಹೊಗೆ ಅರ್ಧಕ್ಕೆ ಇಳಿದಿತ್ತು. 208 ಇನ್ನೂ ದೂರ ಇದೆ ಅಂತ ಕಣ್ಣಿಗೆ ಕಾಣುತ್ತಿದ್ದರೂ, ಅಡಿಕೆ ಗೊನೆ ಇಳಿಸುವ ಕೊನೆಗಾರರು ಮಾರನೇ ದಿನ ಬರುವವರಿದ್ದರು. ಕೊನೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಬಿಟ್ಟು ಬೇರೆ ಧ್ಯಾನ ಇರುವುದಿಲ್ಲ. ಸಾಕು ಅಂತ ಬಾನೆಟ್ ಮುಚ್ಚಿದೆ. ಅರ್ಧ ವಾಸಿಯಾದ ಗಾಡಿ ಪೂರ್ತಿ ಕೆಟ್ಟ ಗಾಡಿಗಿಂತ ಕೆಟ್ಟದು. ಪೂರ್ತಿ ಕೆಟ್ಟದ್ದನ್ನಾದರೂ ರಿಪೇರಿ ಮಾಡುತ್ತೇವೆ.

ಹದಿನೈದು ದಿನಕ್ಕೆ ಸರಿಯಾಗಿ, ಅಡಿಕೆ ಮೂಟೆ ಹೇರಿಕೊಂಡು ಹೋಗುವಾಗ ಎಂಜಿನ್ ಲೈಟ್ ಬಂತು, ಪುಲ್ಲಿಂಗ್ ಪೂರ್ತಿ ಸತ್ತಿತು. ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ. ಮತ್ತೆ ಏರು ಬಂದರೆ ಅದೇ ಕತೆ. ಆ್ಯಪಿನಲ್ಲಿ ದೋಷದ ಕೋಡ್ ಓದಿದೆ: ಪಿ0299. ಕಂಪ್ಯೂಟರು ಕೇಳಿದಷ್ಟು ಬೂಸ್ಟ್ ಬಂದಿಲ್ಲ ಅಂತ ಅದರ ಅರ್ಥ. ಟರ್ಬೋ ಕೆಟ್ಟಿದೆ ಅಂತ ಅಲ್ಲ. ಯಾಕೆ ಬಂದಿಲ್ಲ ಅನ್ನುವುದು ಆ ಕೋಡಿಗೂ ಗೊತ್ತಿಲ್ಲ. ಎಂಜಿನ್ ಕಾಪಾಡಲು ಕಂಪ್ಯೂಟರು ಡೀಸೆಲ್ ಕಡಿಮೆ ಮಾಡಿಬಿಡುತ್ತದೆ, ಅದಕ್ಕೇ ಸತ್ತ ಹಾಗೆ ಆಗಿದ್ದು.

ಈ ಸಲ ಒಂದೇ ಆರ್‌ಪಿಎಂನಲ್ಲಿ ನೋಡದೆ ಆ್ಯಪಿನಲ್ಲಿ ಗ್ರಾಫ್ ಹಾಕಿ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. 1,800ರಲ್ಲಿ ಬೂಸ್ಟ್ ಬರೀ 30. 2,200ರಲ್ಲಿ 65. 3,000 ದಾಟಿದ ಮೇಲೆ 100ರ ಹತ್ತಿರ. ಸೋರಿಕೆ ಆದರೆ ಒತ್ತಡ ಏರಿದಷ್ಟೂ ಸೋರುವುದು ಜಾಸ್ತಿ ಆಗಬೇಕು. ಇಲ್ಲಿ ಉಲ್ಟಾ, ಮೇಲೆ ಹೋದ ಹಾಗೆ ಸರಿಯಾಗುತ್ತಿದೆ. ಇದು ಬೇರೆಯೇ ರೋಗ.

ನಮ್ಮ ಗಾಡಿಯದು ವೇರಿಯಬಲ್ ಜಿಯೋಮೆಟ್ರಿ ಟರ್ಬೋ. ಹೊಗೆ ತಾಗುವ ಚಕ್ರದ ಸುತ್ತ ಸಣ್ಣ ಸಣ್ಣ ರೆಕ್ಕೆಗಳ ಒಂದು ಬಳೆ ಇರುತ್ತದೆ. ತೋಟಕ್ಕೆ ನೀರು ಬಿಡುವಾಗ ಪ್ರೆಷರ್ ಇಲ್ಲದಿದ್ದರೆ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿಯುತ್ತೇವಲ್ಲ, ನೀರು ಕಡಿಮೆಯಾದರೂ ದೂರ ಚಿಮ್ಮುತ್ತದೆ. ಈ ರೆಕ್ಕೆಗಳು ಆ ಹೆಬ್ಬೆರಳು. ಆರ್‌ಪಿಎಂ ಕಡಿಮೆ ಇದ್ದಾಗ ಸಂದು ಕಿರಿದು ಮಾಡಿ ಹೊಗೆಯನ್ನು ರಭಸವಾಗಿ ಚಕ್ರಕ್ಕೆ ಬಡಿಸುತ್ತವೆ, ಜಾಸ್ತಿ ಆದಾಗ ಅಗಲ ಆಗುತ್ತವೆ. ಅಗಲವಾಗಿಯೇ ಸಿಕ್ಕಿಹಾಕಿಕೊಂಡರೆ ಕೆಳಗಿನ ಆರ್‌ಪಿಎಂನಲ್ಲಿ ಜೀವ ಇರುವುದಿಲ್ಲ. ಘಾಟಿಯಲ್ಲಿ ಲೋಡು ಹೊತ್ತ ಗಾಡಿ ಬದುಕುವುದೇ ಆ ಕೆಳಗಿನ ಆರ್‌ಪಿಎಂನಲ್ಲಿ.

ರೆಕ್ಕೆಗಳನ್ನು ತಿರುಗಿಸುವುದು ಟರ್ಬೋ ಪಕ್ಕದ ಒಂದು ಡಬ್ಬಿ, ಆಕ್ಚುಯೇಟರ್. ವ್ಯಾಕ್ಯೂಮ್ ಎಳೆದರೆ ಅದರ ರಾಡ್ ಚಲಿಸಿ ರೆಕ್ಕೆ ಕಿರಿದಾಗುತ್ತದೆ, ಬಿಟ್ಟರೆ ಸ್ಪ್ರಿಂಗ್ ಅಗಲ ಮಾಡುತ್ತದೆ. ಅಂದರೆ ಪೈಪು, ವ್ಯಾಕ್ಯೂಮ್ ಬಿಡುವ ಕರೆಂಟಿನ ವಾಲ್ವಾದ ಸೊಲೆನಾಯ್ಡ್, ಡಬ್ಬಿ, ರೆಕ್ಕೆ, ಈ ನಾಲ್ಕರಲ್ಲಿ ಒಂದು ಕಳ್ಳ. ವ್ಯಾಕ್ಯೂಮ್ ಪಂಪ್ ಉಪಕರಣ ನನ್ನ ಹತ್ತಿರ ಇಲ್ಲ. ಕೊಟ್ಟಿಗೆಯ ಗೂಡಿನಲ್ಲಿ ದನಗಳಿಗೆ ಔಷಧಿ ಕುಡಿಸುವ 50 ಮಿ.ಲೀ. ಸಿರಿಂಜ್ ಇತ್ತು. ತೊಳೆದು, ಸಣ್ಣ ಪೈಪು ಸಿಕ್ಕಿಸಿ ಡಬ್ಬಿಗೆ ಜೋಡಿಸಿದೆ. ಎಳೆದರೆ ರಾಡ್ ಅಲುಗಿತು, ಕಾಲು ಭಾಗ ಹೋಗಿ ನಿಂತಿತು. ಎಳೆದು ಹಿಡಿದು ಐದು ನಿಮಿಷ ನೋಡಿದೆ, ರಾಡ್ ಜಾರಲಿಲ್ಲ. ಡಬ್ಬಿಯೊಳಗಿನ ಪೊರೆ ಹರಿದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ವ್ಯಾಕ್ಯೂಮ್ ಪೈಪಿನ ಬಾಯಿಗೆ ಬೆರಳು ಇಟ್ಟರೆ ಕರು ಚೀಪಿದ ಹಾಗೆ ಎಳೆಯಿತು. ಎಂಜಿನ್ನಿನ ವ್ಯಾಕ್ಯೂಮ್ ಪಂಪೂ ಪೈಪೂ ಸರಿ. ಸೊಲೆನಾಯ್ಡನ್ನು ಭಾವನ ಗಾಡಿಯದರ ಜೊತೆ ಅದಲುಬದಲು ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ.

ರಾಡಿನ ತುದಿಯ ಸಣ್ಣ ಕ್ಲಿಪ್ ತೆಗೆದು, ರೆಕ್ಕೆ ತಿರುಗಿಸುವ ಲಿವರಿನಿಂದ ಬಿಡಿಸಿದೆ. ಕ್ಲಿಪ್ ಹಾರಿ ಎಲ್ಲೋ ಬಿತ್ತು, ಅದನ್ನು ಹುಡುಕಲು ಅರ್ಧ ಗಂಟೆ. ಅಲ್ಲಿ ಕೈ ಹಾಕುವ ಮೊದಲು ಕೆಳಗೆ ಒಂದು ಬಟ್ಟೆ ಹಾಸಿ. ಈಗ ಸಿರಿಂಜ್ ಎಳೆದರೆ ರಾಡ್ ಬೆಣ್ಣೆಯ ಹಾಗೆ ತುದಿಯವರೆಗೂ ಬಂತು. ಲಿವರನ್ನು ಬೆರಳಿನಿಂದ ತಿರುಗಿಸಲು ಹೋದರೆ ಅದು ಕಾಲು ಭಾಗಕ್ಕೆ ಗಕ್ಕನೆ ನಿಂತಿತು. ಸಿಕ್ಕಿಕೊಂಡಿದ್ದು ಟರ್ಬೋದ ಒಳಗೇ. ಎರಡು ನಿಮಿಷ ಕಿವಿಗೊಟ್ಟು ಹೇಳಿದ ಆ ಗ್ಯಾರೇಜಿನವರ ಮಾತು ಅರ್ಧ ಸರಿ ಅಂತಾಯಿತು. ಟರ್ಬೋದಲ್ಲಿ ದೋಷ ಇತ್ತು. ಹೊಸ ಟರ್ಬೋ ಮಾತ್ರ ಬೇಕಿರಲಿಲ್ಲ. ಅವರ ಮಾತು ಕೇಳಿ ಹೊಸದು ಹಾಕಿಸಿ, ಹೋಸು ಹಾಗೇ ಬಿಟ್ಟಿದ್ದರೆ ಹೊಸ ಟರ್ಬೋ ಆ ಸೀಳಿನಿಂದಲೇ ಗಾಳಿ ಬಿಡುತ್ತಿತ್ತು.

ರೆಕ್ಕೆ ಯಾಕೆ ಸಿಕ್ಕಿಕೊಂಡಿತು? ನನ್ನ ಲೆಕ್ಕ ಹೀಗಿದೆ. ಹೋಸು ಸೀಳಿದ್ದು ಮಳೆಗಾಲಕ್ಕೂ ಮೊದಲೇ ಇರಬೇಕು. ಕಂಪ್ಯೂಟರು ಏರ್ ಫಿಲ್ಟರ್ ಪಕ್ಕದಲ್ಲಿ ಅಳೆದ ಗಾಳಿಗೆ ತಕ್ಕ ಡೀಸೆಲ್ ಕೊಡುತ್ತದೆ, ಆದರೆ ಆ ಗಾಳಿ ದಾರಿಯಲ್ಲೇ ಸೋರಿಹೋಗಿ ಎಂಜಿನ್ನಿಗೆ ತಲುಪುವುದಿಲ್ಲ. ಉಳಿದ ಡೀಸೆಲ್ಲು ಮಸಿ ಆಗುತ್ತದೆ, ಮಸಿ ರೆಕ್ಕೆಗಳ ಸಂದಿಗೆ ಕೂರುತ್ತದೆ. ಆರಿದ್ರ ಮಳೆ ಹಿಡಿದ ಮೇಲೆ ಮನೆಯ ರಸ್ತೆ ಕೆಸರು. ಮಘೆ ಮಳೆಯವರೆಗೂ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಎಂಜಿನ್ ನಿಂತಾಗ ನಮ್ಮ ಟರ್ಬೋದ ರೆಕ್ಕೆಗಳು ಅಗಲವಾಗಿಯೇ ಇರುತ್ತವೆ. ಎರಡು ತಿಂಗಳ ತೇವ, ಮಸಿ, ತುಕ್ಕು ಸೇರಿ ಅಲ್ಲೇ ಬೆಸುಗೆ ಹಾಕಿದ ಹಾಗಾಯಿತು. ಮೊದಲ ದೋಷ ಎರಡನೆಯದನ್ನು ಹೆತ್ತು, ಆಮೇಲೆ ಅದನ್ನು ಮುಚ್ಚಿಯೂ ಇಟ್ಟಿತು.

ಬಿಚ್ಚುವ ಮೊದಲು ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಬಿಡುವ ಇಜಿಆರ್ ವಾಲ್ವನ್ನೂ ನೋಡಿದೆ, ಅದು ತೆರೆದೇ ಉಳಿದರೂ ಬೂಸ್ಟ್ ಕಡಿಮೆ, ಕಪ್ಪು ಹೊಗೆ ಎರಡೂ ಬರುತ್ತವೆ. ಮಸಿ ಹಿಡಿದಿತ್ತು, ಆದರೆ ಪೂರ್ತಿ ಮುಚ್ಚುತ್ತಿತ್ತು. ಒರೆಸಿ ಹಾಕಿದೆ.

ಟರ್ಬೋ ಇಳಿಸಲು ಒಂದೂವರೆ ದಿನ ಬೇಕಾಯಿತು. ನಟ್ಟುಗಳಿಗೆ ಮೂರು ದಿನ ಮೊದಲಿನಿಂದಲೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದೆ. ಪ್ರತಿ ಸಲ ಗಾಡಿ ಓಡಿಸಿ ಬಂದು, ಬಿಸಿ ಆರುವ ಹೊತ್ತಿಗೆ. ಆದರೂ ಹೊಗೆ ಕಡೆಯ ಮ್ಯಾನಿಫೋಲ್ಡಿನ ಒಂದು ಸ್ಟಡ್ (ತಲೆಯಿಲ್ಲದ ಬೋಲ್ಟ್) ಕಟ್ ಅಂತ ಮುರಿಯಿತು. ಆ ಶಬ್ದ ಕೇಳಿದವರಿಗೇ ಗೊತ್ತು ಅದರ ಸಂಕಟ. ಲೇತ್ ಅಂಗಡಿಯ ಅಣ್ಣನನ್ನು ಮನೆಗೆ ಕರೆಸಿದೆ. ಅವರು ಉಳಿದ ಮೋಟಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿ, ಕೆಂಪಗಿದ್ದದ್ದು ಸ್ವಲ್ಪ ಆರಿದ ಮೇಲೆ ಪಾನಾ ಹಾಕಿ ಹಿಂದೆ ಮುಂದೆ ಅಲ್ಲಾಡಿಸುತ್ತಾ ತಿರುಗಿಸಿದರು. ಆ ಶಾಖಕ್ಕೇ ತುಕ್ಕು ಬಿಟ್ಟಿತ್ತು, ಮೋಟು ಸುಲಭವಾಗಿ ಬಂತು. ಹತ್ತು ನಿಮಿಷದ ಕೆಲಸ. ದುಡ್ಡು ಕೇಳಿದರೆ "ಕಾಫಿ ಕೊಡಿ ಸಾಕು" ಅಂದರು. ಕಾಫಿಯ ಜೊತೆ ಒಂದು ಬಾಳೆಗೊನೆಯೂ ಹೋಯಿತು.

ಟರ್ಬೋದ ಹೊರಕವಚ ಬೇರ್ಪಡಿಸುವ ಮೊದಲು ಎರಡೂ ಭಾಗಕ್ಕೆ ಪಂಚಿನಿಂದ ಗುರುತು ಹೊಡೆದೆ, ತಿರುಗಿಸಿ ಜೋಡಿಸಿದರೆ ಪೈಪುಗಳು ಹೊಂದುವುದಿಲ್ಲ. ಮೊದಲು ಶಾಫ್ಟ್ ಪರೀಕ್ಷೆ. ಅಡ್ಡಕ್ಕೆ ಅಲ್ಲಾಡಿಸಿದರೆ ತೀರಾ ಸ್ವಲ್ಪ ಆಟ ಇತ್ತು. ಅದು ಇರಬೇಕಾದದ್ದೇ, ಆ ಸಂದಿನಲ್ಲಿ ಎಣ್ಣೆ ತುಂಬಿಕೊಂಡು ಶಾಫ್ಟನ್ನು ತೇಲಿಸುತ್ತದೆ. ಹಿಂದೆ ಮುಂದೆ ಎಳೆದರೆ ಆಟ ಇರಬಾರದು, ಇರಲಿಲ್ಲ. ಚಕ್ರದ ಅಂಚು ಕವಚಕ್ಕೆ ತಿಕ್ಕಿದ ಗುರುತೂ ಇಲ್ಲ. ಇದರಲ್ಲಿ ಏನಾದರೂ ಕೆಟ್ಟಿದ್ದರೆ ತೊಳೆಯುವ ಶ್ರಮವೇ ದಂಡ ಆಗುತ್ತಿತ್ತು.

ಒಳಗೆ ನೋಡಿದರೆ ರೆಕ್ಕೆಗಳ ಮೇಲೆ ಕಾಡಿಗೆ, ಬಳೆಯ ಅಂಚಿಗೆ ಇಟ್ಟಿಗೆ ಬಣ್ಣದ ತುಕ್ಕು. ಕಾರ್ಬನ್ ಕ್ಲೀನರ್ ಹೊಡೆದು, ನೆನೆಸಿ, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕುವುದು. ಸೀಮೆಎಣ್ಣೆ, ಡೀಸೆಲ್ಲಿಗೆಲ್ಲ ಈ ಮಸಿ ಬಗ್ಗುವುದಿಲ್ಲ. ಲಿವರ್ ಮೊದಲು ಕೂದಲೆಳೆ ಅಲುಗಿತು, ಆಮೇಲೆ ಅರ್ಧ, ಸಂಜೆ ಹೊತ್ತಿಗೆ ಸ್ವಂತ ಭಾರಕ್ಕೇ ಬೀಳುವ ಹಾಗಾಯಿತು. ಎರಡು ಕಡೆ ಕೈ ಹಾಕಲಿಲ್ಲ. ರೆಕ್ಕೆ ಎಲ್ಲಿ ನಿಲ್ಲಬೇಕು ಅಂತ ಹಿಡಿಯುವ ಸ್ಟಾಪ್ ಸ್ಕ್ರೂ, ಮತ್ತು ಆಕ್ಚುಯೇಟರ್ ರಾಡಿನ ಉದ್ದ. ಎರಡನ್ನೂ ತಯಾರಕರೇ ಹೊಂದಿಸಿ ಕಳಿಸಿರುತ್ತಾರೆ. ಬೂಸ್ಟ್ ಜಾಸ್ತಿ ಮಾಡುತ್ತೇನೆ ಅಂತ ಅವನ್ನು ತಿರುಗಿಸಿದವರು ಆಮೇಲೆ ಎಂಜಿನ್ ತಿರುಗಿಸಬೇಕಾಗುತ್ತದೆ.

ಜೋಡಿಸುವಾಗ ಗ್ಯಾಸ್ಕೆಟ್‌ಗಳು ಹೊಸದು, ಆಯಿಲ್ ಪೈಪಿನ ತಾಮ್ರದ ವಾಷರ್‌ಗಳೂ ಹೊಸದು. ಟರ್ಬೋದ ಆಯಿಲ್ ತೂತಿಗೆ ಸ್ವಚ್ಛ ಎಂಜಿನ್ ಆಯಿಲ್ ಸುರಿದು ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ಕ್ರ್ಯಾಂಕ್ ಸೆನ್ಸರಿನ ಪ್ಲಗ್ ಕಿತ್ತು, ಎಂಜಿನ್ ಹತ್ತದ ಹಾಗೆ ಮಾಡಿ, ಹತ್ತು ಹತ್ತು ಸೆಕೆಂಡಿನ ಹಾಗೆ ಸೆಲ್ಫ್ ಹೊಡೆದೆ. ಮೀಟರಿನ ಆಯಿಲ್ ಲೈಟ್ ಆರಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್. ಒಣಗಿದ ಬೇರಿಂಗಿನಲ್ಲಿ ಟರ್ಬೋ ತಿರುಗಿಸಿದರೆ ಇಷ್ಟು ದಿನದ ಕೆಲಸ ಒಂದು ನಿಮಿಷದಲ್ಲಿ ಮಣ್ಣು.

ಮಣ್ಣು ಅಂದಾಗ ನೆನಪಾಯಿತು. ಕೊನೆಗೆ ಸೋರಿಕೆ ಇನ್ನೊಮ್ಮೆ ನೋಡೋಣ ಅಂತ ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಪಿವಿಸಿ ತುಂಡು ತಂದರೆ ಗಾಳಿ ಹೋಗುತ್ತಲೇ ಇಲ್ಲ. ವಾಲ್ವಿನ ಬಾಯಿಯೊಳಗೆ ಕುಂಬಾರ ಹುಳ ಮಣ್ಣು ಮೆತ್ತಿ ಮನೆ ಕಟ್ಟಿತ್ತು! ಪಿನ್ನಿನಿಂದ ಬಿಡಿಸಿದೆ. ಹತ್ತು ಪೌಂಡು ಹೊಡೆದೆವು, ಎಲ್ಲೂ ಗುಳ್ಳೆ ಇಲ್ಲ. ಈಗ ಅದರ ಬಾಯಿಗೆ ಕ್ಯಾಪ್ ಹಾಕಿ ಇಟ್ಟಿದ್ದೇನೆ.

ಮತ್ತೆ ಅದೇ ಏರು, ಹತ್ತು ಚೀಲ, ಥರ್ಡ್ ಗೇರ್. ಮಗಳು ಕೂಗಿ ಹೇಳಿದಳು: 206. 1,800ರಲ್ಲಿ 30 ಇದ್ದ ಬೂಸ್ಟ್ ಈಗ 80. ಕೋಡ್ ಅಳಿಸಿದೆ, ಮತ್ತೆ ಬಂದಿಲ್ಲ. ಸಂಕ್ರಾಂತಿ ಕಳೆದು ಒಂದು ಲೋಡು ಕಾಯಿ ತರಲು ಕೆಳಗೆ ಹೋದಾಗ ಭಾವನೂ ತನ್ನ ಗಾಡಿ ತಂದಿದ್ದ, ಅವನ ಗಾಡಿಯಲ್ಲೂ ಅಷ್ಟೇ ಕಾಯಿ. ನಾಲ್ಕನೇ ತಿರುವು ದಾಟಿ ಸೆಕೆಂಡ್ ಹಾಕಿದೆ, ಹಿಡಿಯಿತು. ಎಂಟನೆಯದರ ಮೇಲೆ ಥರ್ಡ್ ಹಾಕಿ ಕನ್ನಡಿ ನೋಡಿದೆ. ಹಿಂದೆ ಹೊಗೆ ಇಲ್ಲ, ಭಾವನೂ ಇಲ್ಲ. ಆಗುಂಬೆಯಲ್ಲಿ ಟೀ ಕುಡಿದು ಮುಗಿಸುವ ಹೊತ್ತಿಗೆ ಬಂದ.

ಮನೆಗೆ ಬಂದ ಮೇಲೆ ಅಡಾಪ್ಟರನ್ನು ಅವನ ಗಾಡಿಗೆ ಸಿಕ್ಕಿಸಿ, ಸುಮ್ನೆ ಒಂದು ರೌಂಡು ಅಂತ ಏರಿಗೆ ಕರೆದುಕೊಂಡು ಹೋದೆ. 188. ಅವನಿಗೆ ಇನ್ನೂ ಹೇಳಿಲ್ಲ.